ಆಲ್ಥಿಯಾ ಗಿಬ್ಸನ್

ಆಲ್ಥಿಯಾ ಗಿಬ್ಸನ್ (ಆಗಸ್ಟ್ ೨೫, ೧೯೨೭ – ಸೆಪ್ಟೆಂಬರ್ ೨೮, ೨೦೦೩) ಅಮೆರಿಕ ಸಂಯುಕ್ತ ಸಂಸ್ಥಾನದ ಟೆನಿಸ್ ಆಟಗಾರ್ತಿ ಹಾಗೂ ವೃತ್ತಿಪರ ಗಾಲ್ಫ್ ಆಟಗಾರ್ತಿ. ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಎಂಬ ಕೀರ್ತಿ ಇವರದು. ೧೯೫೬ರಲ್ಲಿ ಫ್ರೆಂಚ್ ಚಾಂಪಿಯನ್‌ಷಿಪ್ ಅನ್ನೂ, ೧೯೫೭ ಮತ್ತು ೧೯೫೮ರಲ್ಲಿ ವಿಂಬಲ್ಡನ್ ಹಾಗೂ ಅಮೆರಿಕನ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳನ್ನೂ (ಇಂದಿನ ಯು.ಎಸ್. ಓಪನ್) ಗೆದ್ದರು. ಸಿಂಗಲ್ಸ್‌ನಲ್ಲಿ ೫, ಮಹಿಳೆಯರ ಡಬಲ್ಸ್‌ನಲ್ಲಿ ೫, ಮಿಶ್ರ ಡಬಲ್ಸ್‌ನಲ್ಲಿ ೧, ಹೀಗೆ ಒಟ್ಟು ೧೧ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳು ಇವರ ಹೆಸರಿನಲ್ಲಿವೆ. ಆದರೆ ಈ ಗೆಲುವುಗಳಿಂದ ಇವರಿಗೆ ಜೀವನೋಪಾಯ ದೊರೆಯಲಿಲ್ಲ. ಹವ್ಯಾಸಿ ಆಟಗಾರ್ತಿಯಾಗಿ ಜಗತ್ತಿನ ಮೊದಲ ಸ್ಥಾನದಲ್ಲಿದ್ದವರು, ವೃತ್ತಿಪರ ಆಟಗಾರ್ತಿಯಾದ ಮೇಲೆ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಮುನ್ನ ನಡೆಯುವ ಪ್ರದರ್ಶನಗಳಲ್ಲಿ ಆಡಿದರು. ಬಳಿಕ ಗಾಲ್ಫ್ ಪ್ರವಾಸದಲ್ಲಿ ಮಧ್ಯಮ ಮತ್ತು ಕೆಳಗಿನ ಶ್ರೇಯಾಂಕಗಳಲ್ಲಿಯೇ ಹಲವು ವರ್ಷ ಕಳೆದರು.

ಜನನ ಮತ್ತು ಬಾಲ್ಯ

ಆಲ್ಥಿಯಾ ಹುಟ್ಟಿದ್ದು ದಕ್ಷಿಣ ಕೆರೊಲಿನಾ ರಾಜ್ಯದ ಕ್ಲಾರೆಂಡನ್ ಕೌಂಟಿಯ ಸಿಲ್ವರ್ ಎಂಬ ಸಣ್ಣ ಊರಿನಲ್ಲಿ. ತಂದೆ ಡೇನಿಯಲ್ ಗಿಬ್ಸನ್, ತಾಯಿ ಆ್ಯನಿ ಬೆಲ್. ಐವರು ಮಕ್ಕಳಲ್ಲಿ ಆಲ್ಥಿಯಾ ಹಿರಿಯಳು. ತಂದೆ ತಾಯಿ ಹತ್ತಿಯ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಭೂಮಿ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆಯಲ್ಲಿ ಪಾಲು ಎಂಬ ಈ ಪದ್ಧತಿ ಕೋರು ಎಂಬ ಹೆಸರಿನಲ್ಲಿ ಕನ್ನಡ ನಾಡಿನ ರೈತರಿಗೂ ಪರಿಚಿತವೇ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಂತಹ ಬೇಸಾಯದಿಂದ ಸಂಸಾರ ಸಾಗುವಂತಿರಲಿಲ್ಲ. ದಕ್ಷಿಣದ ರಾಜ್ಯಗಳಿಂದ ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪು ಕುಟುಂಬಗಳು ವಲಸೆ ಹೋಗುತ್ತಿದ್ದ ದಿನಗಳವು. ೧೯೩೦ರಲ್ಲಿ ಗಿಬ್ಸನ್ ಕುಟುಂಬವೂ ನ್ಯೂಯಾರ್ಕ್ ನಗರದ ಹಾರ್ಲೆಮ್‌ಗೆ ಬಂದು ನೆಲೆಸಿತು.

ಅವರ ಮನೆಯಿದ್ದದ್ದು ೧೪೩ನೇ ಬೀದಿಯಲ್ಲಿ. ಹಗಲಿನಲ್ಲಿ ಮಕ್ಕಳು ಆಡಲೆಂದು ಆ ಬೀದಿಯ ಒಂದು ಭಾಗದಲ್ಲಿ ವಾಹನ ಸಂಚಾರವನ್ನು ತಡೆದು, ಪೊಲೀಸ್ ಅಥ್ಲೆಟಿಕ್ ಲೀಗ್‌ನವರು ಆಟಗಳನ್ನು ಏರ್ಪಡಿಸುತ್ತಿದ್ದರು. ಅಲ್ಲಿ ಆಡುತ್ತಿದ್ದ ಆಟಗಳಲ್ಲಿ ಪ್ಯಾಡಲ್ ಟೆನಿಸ್ ಒಂದು. ಟೆನಿಸ್‌ಗಿಂತ ಚಿಕ್ಕ ಅಂಕಣ, ತಂತಿಯಿಲ್ಲದ ಮರದ ಬ್ಯಾಟು. ಆಲ್ಥಿಯಾಳ ಮನೆಯ ಬಾಗಿಲಿನ ಮುಂದೆಯೇ ಈ ಅಂಕಣವಿತ್ತು. ೧೯೩೯ರಲ್ಲಿ, ೧೨ನೆಯ ವಯಸ್ಸಿಗೆ, ಆಕೆ ನ್ಯೂಯಾರ್ಕ್ ನಗರದ ಮಹಿಳಾ ಪ್ಯಾಡಲ್ ಟೆನಿಸ್ ಚಾಂಪಿಯನ್ ಆದಳು.

ಶಾಲೆಯ ಕಡೆ ಮಾತ್ರ ಮನಸ್ಸು ಹರಿಯಲಿಲ್ಲ. ತರಗತಿ ತಪ್ಪಿಸಿ ಚಿತ್ರಮಂದಿರಗಳಲ್ಲಿ, ಆಟದ ಬಯಲುಗಳಲ್ಲಿ ಕಾಲ ಕಳೆಯುವುದು ರೂಢಿಯಾಯಿತು. ೧೩ನೆಯ ವಯಸ್ಸಿಗೆ ಓದು ನಿಂತಿತು. ತಂದೆ ಕಠಿಣ ಸ್ವಭಾವದವರು. ಬೀದಿಯಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳಲಿ ಎಂದು ಮಗಳಿಗೆ ಮುಷ್ಟಿಯುದ್ಧ ಕಲಿಸಿದವರೂ ಅವರೇ, ಹೇಳಿದ ಮಾತು ಕೇಳದಿದ್ದರೆ ತೀವ್ರವಾಗಿ ಹೊಡೆಯುತ್ತಿದ್ದವರೂ ಅವರೇ. ಆ ಹೊಡೆತಗಳಿಗೆ ಹೆದರಿ ಆಲ್ಥಿಯಾ ಕೆಲಕಾಲ ಮಕ್ಕಳ ರಕ್ಷಣಾ ಆಶ್ರಮವೊಂದರಲ್ಲಿ ಉಳಿದದ್ದೂ ಉಂಟು.

ಬೀದಿಯ ಆಟಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಬಡ್ಡಿ ವಾಕರ್ ಎಂಬ ಸಂಗೀತಗಾರ ಈ ಹುಡುಗಿಯ ಕೈಚಳಕವನ್ನು ಗುರುತಿಸಿದರು. ಪ್ಯಾಡಲ್ ಟೆನಿಸ್ ಆಡುವ ಕೈ ಟೆನಿಸ್ ರ‍್ಯಾಕೆಟ್ಟನ್ನೂ ಹಿಡಿಯಬಲ್ಲದು ಎಂಬುದು ಅವರ ಊಹೆ. ನೆರೆಹೊರೆಯವರು ಹಣ ಕೂಡಿಸಿ ಆಕೆಯನ್ನು ಹಾರ್ಲೆಮ್‌ನ ಕಾಸ್ಮೊಪಾಲಿಟನ್ ಟೆನಿಸ್ ಕ್ಲಬ್ಬಿಗೆ ಸೇರಿಸಿದರು. ಅದು ಕಪ್ಪು ಸಮಾಜದ ಸ್ಥಿತಿವಂತರ ಕ್ಲಬ್ಬು. ಅಲ್ಲಿ ಒಂದೇ ತೋಳಿನ ತರಬೇತುದಾರ ಫ್ರೆಡ್ ಜಾನ್ಸನ್ ಆಕೆಗೆ ಟೆನಿಸ್‌ನ ಮೊದಲ ಪಾಠಗಳನ್ನು ಹೇಳಿಕೊಟ್ಟರು. ಆಟಕ್ಕಿಂತಲೂ ಆಟದ ಶಿಷ್ಟಾಚಾರವನ್ನು ಕಲಿಯುವುದೇ ಆಕೆಗೆ ಕಷ್ಟವಾಯಿತಂತೆ. ಬಿಳಿಯ ಉಡುಪು, ಮೆಲುದನಿಯ ಚಪ್ಪಾಳೆ, ಸೋತರೂ ನಗುತ್ತಾ ಕೈಕುಲುಕುವುದು, ಇವೆಲ್ಲ ೧೪೩ನೇ ಬೀದಿಯಲ್ಲಿ ಬೆಳೆದವಳಿಗೆ ವಿಚಿತ್ರವಾಗಿ ತೋರಿದವು.

ಬೇರೆಯದೇ ಆದ ಒಂದು ಟೆನಿಸ್ ಲೋಕ

ಆ ಕಾಲದ ಅಮೆರಿಕದಲ್ಲಿ ಟೆನಿಸ್ ಎರಡು ಪ್ರತ್ಯೇಕ ಲೋಕಗಳಾಗಿ ಒಡೆದಿತ್ತು. ಬಿಳಿಯರ ಲಾನ್ ಟೆನಿಸ್ ಸಂಸ್ಥೆಯ ಪಂದ್ಯಾವಳಿಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲದ್ದರಿಂದ, ಅವರು ೧೯೧೬ರಲ್ಲಿ ಅಮೆರಿಕನ್ ಟೆನಿಸ್ ಅಸೋಸಿಯೇಷನ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡಿದ್ದರು. ಅದರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಓರಾ ವಾಷಿಂಗ್‌ಟನ್ ಎಂಬಾಕೆ ಎಂಟು ಬಾರಿ ಮಹಿಳಾ ಸಿಂಗಲ್ಸ್ ಗೆದ್ದಿದ್ದರು. ಆದರೆ ಆಕೆಗೆ ತನ್ನ ಕಾಲದ ಬಿಳಿಯ ಚಾಂಪಿಯನ್ನರೊಡನೆ ಆಡುವ ಅವಕಾಶ ಒಮ್ಮೆಯೂ ಸಿಗಲಿಲ್ಲ. ಜೀವನಕ್ಕಾಗಿ ಮನೆಗೆಲಸ ಮಾಡಿಕೊಂಡಿದ್ದರು. ಗಿಬ್ಸನ್ ಅವರ ಬದುಕನ್ನು ಅರಿಯಲು ಅವರಿಗಿಂತ ಮೊದಲಿದ್ದ ಈ ಮಹಿಳೆಯನ್ನೂ ನೆನೆಯಬೇಕಾಗುತ್ತದೆ. ಪ್ರತಿಭೆಯ ಕೊರತೆಯಿಂದ ಆ ಬಾಗಿಲು ಮುಚ್ಚಿರಲಿಲ್ಲ.

ಗಿಬ್ಸನ್ ೧೯೪೪ ಮತ್ತು ೧೯೪೫ರಲ್ಲಿ ಈ ಸಂಸ್ಥೆಯ ಬಾಲಕಿಯರ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ೧೯೪೬ರಲ್ಲಿ ಮಹಿಳೆಯರ ವಿಭಾಗದ ಫೈನಲ್‌ನಲ್ಲಿ ರುಮೇನಿಯಾ ಪೀಟರ್ಸ್ ಅವರಿಗೆ ಸೋತರು. ಈ ಸೋಲು ಅವರ ಬದುಕಿಗೆ ತಿರುವು ನೀಡಿತು. ಆ ಪಂದ್ಯವನ್ನು ನೋಡಿದ ಇಬ್ಬರು ಕಪ್ಪು ವೈದ್ಯರು, ಉತ್ತರ ಕೆರೊಲಿನಾದ ವಿಲ್ಮಿಂಗ್‌ಟನ್‌ನ ಹ್ಯೂಬರ್ಟ್ ಈಟನ್ ಮತ್ತು ವರ್ಜೀನಿಯಾದ ಲಿಂಚ್‌ಬರ್ಗ್‌ನ ವಾಲ್ಟರ್ ಜಾನ್ಸನ್, ಆಕೆಯ ಹೊಣೆ ಹೊರಲು ಮುಂದಾದರು. ಶಾಲೆಯ ದಿನಗಳಲ್ಲಿ ಈಟನ್ ಅವರ ಮನೆಯಲ್ಲಿ ವಾಸ, ಬೇಸಿಗೆಯಲ್ಲಿ ಜಾನ್ಸನ್ ಅವರೊಡನೆ ಪಂದ್ಯಾವಳಿಗಳ ಪ್ರವಾಸ ಎಂದು ಏರ್ಪಾಡಾಯಿತು. ಹಾರ್ಲೆಮ್ ಬಿಟ್ಟು ದಕ್ಷಿಣಕ್ಕೆ ಮರಳಲು ಗಿಬ್ಸನ್ ಹಿಂಜರಿದಾಗ, ಹೋಗಿ ಓದು ಎಂದು ಹುರಿದುಂಬಿಸಿದವರು ಖ್ಯಾತ ಮುಷ್ಟಿಯುದ್ಧ ಪಟು ಶುಗರ್ ರೇ ರಾಬಿನ್ಸನ್. ಇದೇ ಡಾಕ್ಟರ್ ಜಾನ್ಸನ್ ಮುಂದೆ ಆರ್ಥರ್ ಆ್ಯಶ್ ಅವರನ್ನೂ ತರಬೇತುಗೊಳಿಸಿದರು.

ವಿಲ್ಮಿಂಗ್‌ಟನ್‌ನಲ್ಲಿ ಈಟನ್ ಅವರ ಮನೆಯ ಬಳಿ ಸ್ವಂತ ಟೆನಿಸ್ ಅಂಕಣವಿತ್ತು. ಊರಿನ ಸಾರ್ವಜನಿಕ ಅಂಕಣಗಳಲ್ಲಿ ಕಪ್ಪು ಜನರಿಗೆ ಆಡಲು ಅವಕಾಶವಿರಲಿಲ್ಲ. ಬಸ್ಸುಗಳಲ್ಲಿಯೂ ಅವರು ಹಿಂದಿನ ಆಸನಗಳಲ್ಲೇ ಕೂರಬೇಕಿತ್ತು. ೧೯ ತುಂಬಿದ ಗಿಬ್ಸನ್ ತನಗಿಂತ ಚಿಕ್ಕವರ ನಡುವೆ ಕುಳಿತು ವಿಲಿಸ್ಟನ್ ಹೈಸ್ಕೂಲಿನಲ್ಲಿ ಓದನ್ನು ಮತ್ತೆ ಆರಂಭಿಸಿದರು, ಶಾಲೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನ್ ನುಡಿಸಿದರು, ೧೯೪೯ರಲ್ಲಿ ತೇರ್ಗಡೆಯಾದರು. ಫ್ಲಾರಿಡಾ ಎ ಆ್ಯಂಡ್ ಎಂ ವಿಶ್ವವಿದ್ಯಾಲಯವು ಕ್ರೀಡಾ ವಿದ್ಯಾರ್ಥಿವೇತನ ನೀಡಿತು. ೧೯೫೩ರಲ್ಲಿ ಪದವಿ ಪಡೆದರು. ೧೩ರಲ್ಲಿ ಶಾಲೆ ಬಿಟ್ಟ ಹುಡುಗಿ ೨೬ರ ಹೊಸ್ತಿಲಲ್ಲಿ ಪದವೀಧರೆಯಾದದ್ದನ್ನು ಅವರ ಜೀವನದ ಬಗೆಗಿನ ಬರಹಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುವುದುಂಟು. ವಿಂಬಲ್ಡನ್‌ನಷ್ಟೇ ಕಷ್ಟದ ಗೆಲುವು ಅದು. ಈ ನಡುವೆ ೧೯೪೭ರಿಂದ ೧೯೫೬ರವರೆಗೆ ಸತತ ೧೦ ವರ್ಷ ಅಮೆರಿಕನ್ ಟೆನಿಸ್ ಅಸೋಸಿಯೇಷನ್ನಿನ ಮಹಿಳಾ ರಾಷ್ಟ್ರೀಯ ಪ್ರಶಸ್ತಿ ಅವರದಾಗಿಯೇ ಉಳಿಯಿತು.

ಫಾರೆಸ್ಟ್ ಹಿಲ್ಸ್ ಪ್ರವೇಶ, ೧೯೫೦

ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಕಪ್ಪು ಆಟಗಾರರು ಆಡಬಾರದೆಂಬ ಲಿಖಿತ ನಿಯಮವೇನೂ ಆಗ ಇರಲಿಲ್ಲ. ತೊಡಕು ಇದ್ದದ್ದು ಅರ್ಹತೆಯ ಕ್ರಮದಲ್ಲಿ. ರಾಷ್ಟ್ರೀಯ ಪಂದ್ಯಾವಳಿಗೆ ಬರಬೇಕಾದರೆ ಅದಕ್ಕೂ ಮುಂಚಿನ ಮಾನ್ಯತೆ ಪಡೆದ ಪಂದ್ಯಾವಳಿಗಳಲ್ಲಿ ಆಡಿ ಹೆಸರು ಗಳಿಸಬೇಕು. ಆ ಪಂದ್ಯಾವಳಿಗಳು ನಡೆಯುತ್ತಿದ್ದುದು ಬಿಳಿಯರಿಗಷ್ಟೇ ಮೀಸಲಾದ ಕ್ಲಬ್ಬುಗಳಲ್ಲಿ. ಆ ಕ್ಲಬ್ಬುಗಳಿಂದ ಗಿಬ್ಸನ್‌ಗೆ ಆಹ್ವಾನ ಬರುತ್ತಿರಲಿಲ್ಲ. ಯಾರೂ ಬೇಡ ಎನ್ನದೆಯೇ ಬಾಗಿಲು ಮುಚ್ಚಿರುವಂತೆ ನೋಡಿಕೊಳ್ಳುವ ವ್ಯವಸ್ಥೆ ಅದು.

ಇದನ್ನು ಬಯಲಿಗೆ ಎಳೆದವರು ಮಾಜಿ ಚಾಂಪಿಯನ್ ಆ್ಯಲಿಸ್ ಮಾರ್ಬಲ್. ನಾಲ್ಕು ಬಾರಿ ಅಮೆರಿಕನ್ ರಾಷ್ಟ್ರೀಯ ಸಿಂಗಲ್ಸ್ ಪ್ರಶಸ್ತಿಯನ್ನೂ, ೧೯೩೯ರಲ್ಲಿ ವಿಂಬಲ್ಡನ್ ಅನ್ನೂ ಗೆದ್ದಿದ್ದ ಆಕೆ ೧೯೫೦ರ ಜುಲೈನಲ್ಲಿ ಅಮೆರಿಕನ್ ಲಾನ್ ಟೆನಿಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಟೆನಿಸ್ ಸಭ್ಯರ ಆಟವೆಂದು ಹೇಳಿಕೊಳ್ಳುವವರು ಸಭ್ಯರಂತೆ ನಡೆದುಕೊಳ್ಳಬೇಕು, ಗಿಬ್ಸನ್ ಸೋಲುವುದಾದರೆ ಅಂಕಣದಲ್ಲಿ ಸೋಲಲಿ ಎಂಬುದು ಅದರ ಸಾರ. ಲೇಖನ ಪ್ರಕಟವಾದ ಮೇಲೆ ನ್ಯೂಜೆರ್ಸಿಯ ಆರೆಂಜ್ ಲಾನ್ ಟೆನಿಸ್ ಕ್ಲಬ್ ಆಹ್ವಾನ ನೀಡಿತು. ಕೆಲವೇ ವಾರಗಳಲ್ಲಿ, ತನ್ನ ೨೩ನೆಯ ಹುಟ್ಟುಹಬ್ಬ ಕಳೆದ ಕೆಲವು ದಿನಗಳಿಗೆ, ಗಿಬ್ಸನ್ ಫಾರೆಸ್ಟ್ ಹಿಲ್ಸ್‌ನ ಹುಲ್ಲಿನ ಅಂಕಣಕ್ಕೆ ಇಳಿದರು.

ಮೊದಲ ಸುತ್ತಿನಲ್ಲಿ ಬಾರ್ಬರಾ ನ್ಯಾಪ್ ವಿರುದ್ಧ ೬–೨, ೬–೨ರಲ್ಲಿ ಸುಲಭ ಜಯ ದೊರೆಯಿತು. ಎರಡನೆಯ ಸುತ್ತಿನ ಎದುರಾಳಿ ಆಗಿನ ವಿಂಬಲ್ಡನ್ ಚಾಂಪಿಯನ್ ಲೂಯಿಸ್ ಬ್ರೋ. ಮೊದಲ ಸೆಟ್ಟನ್ನು ೧–೬ರಿಂದ ಕಳೆದುಕೊಂಡ ಗಿಬ್ಸನ್ ಎರಡನೆಯದನ್ನು ೬–೩ರಿಂದ ಗೆದ್ದರು. ಮೂರನೆಯ ಸೆಟ್ಟಿನಲ್ಲಿ ೭–೬ರ ಮುನ್ನಡೆ ಪಡೆದು ಇನ್ನೊಂದು ಗೇಮ್ ಗೆದ್ದರೆ ಸಾಕು ಎಂಬ ಹಂತದಲ್ಲಿ ಗುಡುಗು ಸಹಿತ ಮಳೆ ಸುರಿಯಿತು. ಸಿಡಿಲು ಬಡಿದು ಕ್ರೀಡಾಂಗಣದ ಮೇಲಿನ ಹದ್ದಿನ ಶಿಲ್ಪವೊಂದು ಉರುಳಿಬಿದ್ದಿತು. ಪಂದ್ಯ ಮರುದಿನಕ್ಕೆ ಮುಂದೂಡಲ್ಪಟ್ಟಿತು. ರಾತ್ರಿಯಿಡೀ ಆ ಒಂದು ಗೇಮಿನ ಚಿಂತೆಯನ್ನು ಹೊತ್ತು ಬಂದ ಗಿಬ್ಸನ್‌ರನ್ನು ಬ್ರೋ ಮರುದಿನ ಸತತ ಮೂರು ಗೇಮ್ ಗೆದ್ದು, ೯–೭ರಿಂದ ಸೋಲಿಸಿದರು. ಆ ಆಟ ಹತ್ತು ಹನ್ನೆರಡು ನಿಮಿಷಗಳಲ್ಲಿ ಮುಗಿದುಹೋಯಿತು.

೧೯೫೧ರಲ್ಲಿ ವಿಂಬಲ್ಡನ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ್ತಿ ಎನಿಸಿ, ಮೂರನೆಯ ಸುತ್ತಿನಲ್ಲಿ ಸೋತರು. ಮುಂದಿನ ಮೂರು ನಾಲ್ಕು ವರ್ಷ ಯಾವ ದೊಡ್ಡ ಗೆಲುವೂ ಬರಲಿಲ್ಲ. ಪದವಿಯ ನಂತರ ಮಿಸ್ಸೌರಿಯ ಜೆಫರ್ಸನ್ ಸಿಟಿಯಲ್ಲಿರುವ ಲಿಂಕನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿಯಾದರು. ಟೆನಿಸ್ ಬಿಟ್ಟು ಸೇನೆಯ ಮಹಿಳಾ ದಳಕ್ಕೆ ಸೇರುವ ಯೋಚನೆಯೂ ಬಂದಿತ್ತು. ಹಾರ್ಲೆಮ್‌ನ ತರಬೇತುದಾರ ಸಿಡ್ನಿ ಲೆವೆಲಿನ್ ಅವರು ಆಕೆಯ ರ‍್ಯಾಕೆಟ್ ಹಿಡಿತವನ್ನು ಬದಲಿಸಿ, ಆಟದ ತಂತ್ರವನ್ನು ತಿದ್ದಿ, ಇನ್ನೂ ಸ್ವಲ್ಪ ಕಾಲ ಆಡುವಂತೆ ಒಪ್ಪಿಸಿದರು.

ಏಷ್ಯಾ ಪ್ರವಾಸ

೧೯೫೫ರ ಕೊನೆಗೆ ಅಮೆರಿಕದ ವಿದೇಶಾಂಗ ಇಲಾಖೆಯು ನಾಲ್ವರು ಆಟಗಾರರನ್ನು ಸೌಹಾರ್ದ ಪ್ರವಾಸಕ್ಕಾಗಿ ಏಷ್ಯಾಕ್ಕೆ ಕಳುಹಿಸಿತು. ಗಿಬ್ಸನ್ ಜೊತೆಗೆ ಹ್ಯಾಮ್ ರಿಚರ್ಡ್‌ಸನ್, ಬಾಬ್ ಪೆರಿ ಮತ್ತು ಕರೋಲ್ ಫೇಗರೋಸ್ ಆ ತಂಡದಲ್ಲಿದ್ದರು. ಅದೇ ವರ್ಷ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ೧೪ ವರ್ಷದ ಕಪ್ಪು ಬಾಲಕನ ಕೊಲೆಯಾಗಿ, ಅಮೆರಿಕದ ವರ್ಣಭೇದದ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು. ಅಂತಹ ಹೊತ್ತಿನಲ್ಲಿ ಕಪ್ಪು ಆಟಗಾರ್ತಿಯೊಬ್ಬರನ್ನು ದೇಶದ ಪ್ರತಿನಿಧಿಯಾಗಿ ಹೊಸದಾಗಿ ಸ್ವತಂತ್ರಗೊಂಡ ರಾಷ್ಟ್ರಗಳಿಗೆ ಕಳುಹಿಸುವುದರಲ್ಲಿ ರಾಜತಾಂತ್ರಿಕ ಉದ್ದೇಶವಿತ್ತು ಎಂಬುದು ಸ್ಪಷ್ಟ. ಗಿಬ್ಸನ್ ಅವರಿಗೂ ಅದು ತಿಳಿದಿತ್ತು. ಹಾಗಿದ್ದರೂ ಆ ಪ್ರವಾಸ ಅವರಿಗೆ ಒಳ್ಳೆಯದನ್ನೇ ಮಾಡಿತು. ಬರ್ಮಾ, ಸಿಲೋನ್, ಭಾರತ, ಪಾಕಿಸ್ತಾನಗಳಲ್ಲಿ ವಾರವಾರವೂ ಆಡುತ್ತಾ, ಜನರ ಅಕ್ಕರೆಯನ್ನು ಕಾಣುತ್ತಾ ಅವರ ಆತ್ಮವಿಶ್ವಾಸ ಮರಳಿತು. ಪ್ರವಾಸ ಮುಗಿದ ಬಳಿಕವೂ ಅವರು ತಾಯ್ನಾಡಿಗೆ ಹಿಂದಿರುಗದೆ, ಏಷ್ಯಾ ಮತ್ತು ಯೂರೋಪಿನ ೧೮ ಪಂದ್ಯಾವಳಿಗಳಲ್ಲಿ ೧೬ನ್ನು ಗೆದ್ದರು.

ಭಾರತದಲ್ಲಿಯೇ ಅವರಿಗೆ ಇಂಗ್ಲೆಂಡಿನ ಆಟಗಾರ್ತಿ ಏಂಜೆಲಾ ಬಕ್ಸ್‌ಟನ್ ಅವರ ಪರಿಚಯವಾಯಿತು. ಬಕ್ಸ್‌ಟನ್ ಯೆಹೂದಿ. ಆ ಕಾರಣಕ್ಕಾಗಿಯೇ ಲಂಡನ್ನಿನ ಕ್ಲಬ್ಬೊಂದು ಅವರಿಗೆ ಸದಸ್ಯತ್ವ ನಿರಾಕರಿಸಿತ್ತು. ಬೇರೆ ಆಟಗಾರ್ತಿಯರು ಜೊತೆಗಾರ್ತಿಯಾಗಿ ಆರಿಸಿಕೊಳ್ಳದ ಇವರಿಬ್ಬರೂ ಒಂದಾಗಿ ೧೯೫೬ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಈ ಗೆಳೆತನ ನಲವತ್ತು ವರ್ಷಗಳ ನಂತರ ಗಿಬ್ಸನ್ ಅವರ ಪ್ರಾಣವನ್ನೇ ಕಾಯಿತು.

ಗೆಲುವಿನ ವರ್ಷಗಳು

೧೯೫೬ರ ಫ್ರೆಂಚ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಏಂಜೆಲಾ ಮಾರ್ಟಿಮರ್ ಅವರನ್ನು ೬–೦, ೧೨–೧೦ರಿಂದ ಮಣಿಸಿ ಗಿಬ್ಸನ್ ತಮ್ಮ ಮೊದಲ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಪಡೆದರು. ಸುಮಾರು ಆರಡಿ ಎತ್ತರ, ಉದ್ದನೆಯ ತೋಳುಗಳು, ರಭಸದ ಸರ್ವ್, ನೆಟ್ಟಿನ ಬಳಿಗೆ ನುಗ್ಗಿ ಬರುವ ಆಟ. ಅಂದಿನ ಮಹಿಳಾ ಟೆನಿಸ್‌ನಲ್ಲಿ ಅಪರೂಪವೆನಿಸಿದ್ದ ಶೈಲಿ ಇದು. ಅದೇ ವರ್ಷದ ಅಮೆರಿಕನ್ ಫೈನಲ್‌ನಲ್ಲಿಯೂ, ೧೯೫೭ರ ಆಸ್ಟ್ರೇಲಿಯನ್ ಫೈನಲ್‌ನಲ್ಲಿಯೂ ಷರ್ಲಿ ಫ್ರೈ ಅವರಿಗೆ ಸೋತರು.

೧೯೫೭ರ ಜುಲೈ ೬ರಂದು ವಿಂಬಲ್ಡನ್ ಫೈನಲ್ ನಡೆಯಿತು. ಎರಡನೆಯ ಎಲಿಜಬೆತ್ ರಾಣಿ ಪ್ರೇಕ್ಷಕರಲ್ಲಿದ್ದರು. ಗಿಬ್ಸನ್ ಡಾರ್ಲೀನ್ ಹಾರ್ಡ್ ಅವರನ್ನು ೬–೩, ೬–೨ರಿಂದ ಸೋಲಿಸಿ ರಾಣಿಯ ಕೈಯಿಂದಲೇ ಪ್ರಶಸ್ತಿ ಸ್ವೀಕರಿಸಿದರು. ಎಂಬತ್ತು ವರ್ಷಗಳ ಇತಿಹಾಸವಿದ್ದ ಆ ಪಂದ್ಯಾವಳಿಗೆ ಅವರು ಮೊದಲ ಕಪ್ಪು ಚಾಂಪಿಯನ್. ಐದು ದಿನಗಳ ಬಳಿಕ ನ್ಯೂಯಾರ್ಕ್ ನಗರವು ಬ್ರಾಡ್‌ವೇ ರಸ್ತೆಯಲ್ಲಿ ಅವರಿಗೆ ಮೆರವಣಿಗೆಯ ಗೌರವ ನೀಡಿತು. ಓಟಗಾರ ಜೆಸ್ಸಿ ಓವೆನ್ಸ್ ಅವರ ನಂತರ ಈ ಗೌರವ ಪಡೆದ ಎರಡನೆಯ ಕಪ್ಪು ಅಮೆರಿಕನ್ನರು ಗಿಬ್ಸನ್. ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಮೇಯರ್ ರಾಬರ್ಟ್ ವ್ಯಾಗ್ನರ್ ನಗರದ ಪದಕವನ್ನಿತ್ತರು.

ಅದೇ ತಿಂಗಳು ಷಿಕಾಗೋ ಬಳಿಯ ಪಂದ್ಯಾವಳಿಗೆ ಹೋದಾಗ, ಮೈದಾನದ ಹತ್ತಿರದ ಹೋಟೆಲುಗಳು ಅವರಿಗೆ ಕೊಠಡಿ ಕೊಡಲಿಲ್ಲ. ಅವರ ಗೌರವಾರ್ಥ ಏರ್ಪಡಿಸಲು ಬಯಸಿದ ಭೋಜನಕೂಟಕ್ಕೂ ನಗರದ ಪ್ರತಿಷ್ಠಿತ ಭೋಜನಶಾಲೆಯೊಂದು ಸ್ಥಳ ನಿರಾಕರಿಸಿತು.

ಸೆಪ್ಟೆಂಬರಿನಲ್ಲಿ ಫಾರೆಸ್ಟ್ ಹಿಲ್ಸ್‌ನ ಫೈನಲ್‌ನಲ್ಲಿ ಎದುರಾದವರು ಮತ್ತೆ ಲೂಯಿಸ್ ಬ್ರೋ. ಏಳು ವರ್ಷಗಳ ಹಿಂದೆ ಒಂದು ಗೇಮಿನ ಅಂತರದಲ್ಲಿ ಕೈತಪ್ಪಿದ ಗೆಲುವು ಈ ಬಾರಿ ೬–೩, ೬–೨ರಿಂದ ಒಲಿಯಿತು. ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಪ್ರಶಸ್ತಿ ಪ್ರದಾನ ಮಾಡಿದರು. ೧೯೫೮ರಲ್ಲಿ ವಿಂಬಲ್ಡನ್ ಫೈನಲ್‌ನಲ್ಲಿ ಮಾರ್ಟಿಮರ್ ಅವರನ್ನೂ (೮–೬, ೬–೨), ಅಮೆರಿಕನ್ ಫೈನಲ್‌ನಲ್ಲಿ ಹಾರ್ಡ್ ಅವರನ್ನೂ (೩–೬, ೬–೧, ೬–೨) ಸೋಲಿಸಿ ಎರಡೂ ಪ್ರಶಸ್ತಿಗಳನ್ನು ಉಳಿಸಿಕೊಂಡರು. ಆ ಎರಡೂ ವರ್ಷ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಅವರನ್ನು ವರ್ಷದ ಮಹಿಳಾ ಕ್ರೀಡಾಪಟುವಾಗಿ ಆರಿಸಿತು. ಟೈಮ್ ಮತ್ತು ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಗಳ ಮುಖಪುಟದಲ್ಲಿ ಅವರ ಚಿತ್ರ ಬಂದಿತು.

ಗಿಬ್ಸನ್ ತಮ್ಮನ್ನು ಜನಾಂಗದ ಹೋರಾಟದ ನಾಯಕಿ ಎಂದು ಕರೆದುಕೊಳ್ಳಲು ಇಷ್ಟಪಡುತ್ತಿರಲಿಲ್ಲ. ತಾವು ಟೆನಿಸ್ ಆಟಗಾರ್ತಿ, ಆಟದ ಮೂಲಕ ಆಗುವಷ್ಟು ಆಗಲಿ ಎಂಬ ನಿಲುವು ಅವರದು. ಇದಕ್ಕಾಗಿ ಕಪ್ಪು ಸಮಾಜದ ಪತ್ರಿಕೆಗಳು ಅವರನ್ನು ಕಟುವಾಗಿ ಟೀಕಿಸಿದವು. ಬಿಳಿಯ ಪತ್ರಕರ್ತರಿಗೆ ಅವರು ಬಿಗುಮಾನದವರಾಗಿ ಕಂಡರು. ಎರಡೂ ಕಡೆಯವರು ಅವರಿಂದ ಬೇರೆ ಬೇರೆ ಪಾತ್ರಗಳನ್ನು ಬಯಸಿದರು ಎನ್ನುವುದೇ ಹೆಚ್ಚು ಸರಿಯೇನೋ.

ಹವ್ಯಾಸಿ ಆಟ ಮತ್ತು ಹಣ

ವಿಂಬಲ್ಡನ್ ಗೆದ್ದರೂ ಅವರ ಕೈಗೆ ಬಹುಮಾನದ ಹಣ ಬರಲಿಲ್ಲ ಎಂಬುದು ಇಂದಿನ ಓದುಗರಿಗೆ ಆಶ್ಚರ್ಯವಾಗಬಹುದು. ೧೯೬೮ರವರೆಗೆ ಗ್ರ್ಯಾಂಡ್ ಸ್ಲಾಮ್ ಪಂದ್ಯಾವಳಿಗಳು ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿದ್ದವು. ಹವ್ಯಾಸಿಗಳು ಪ್ರಯಾಣ ಹಾಗೂ ಊಟ ವಸತಿಯ ವೆಚ್ಚವನ್ನಷ್ಟೇ ಪಡೆಯಬಹುದಿತ್ತು. ಆಡಲು ಹಣ ಪಡೆದವರು ವೃತ್ತಿಪರರೆನಿಸಿ ಈ ಪಂದ್ಯಾವಳಿಗಳಿಂದ ಹೊರಗುಳಿಯಬೇಕಿತ್ತು. ಆಸ್ತಿಯುಳ್ಳವರ ಮನೆಯಲ್ಲಿ ಹುಟ್ಟಿದವರಿಗೆ ಈ ನಿಯಮ ಭಾರವೆನಿಸಲಿಲ್ಲ. ಪಾಲಿನ ಬೇಸಾಯಗಾರನ ಮಗಳಿಗೆ ಅದು ಬೇರೆಯದೇ ಅರ್ಥ ಕೊಡುತ್ತಿತ್ತು. ಪುರುಷರಿಗಾದರೂ ಜ್ಯಾಕ್ ಕ್ರೇಮರ್ ನಡೆಸುತ್ತಿದ್ದ ವೃತ್ತಿಪರ ಪ್ರವಾಸವಿತ್ತು. ಮಹಿಳೆಯರಿಗೆ ಅಂತಹ ನೆಲೆಯಿರಲಿಲ್ಲ. ೧೯೨೬ರಲ್ಲಿ ಫ್ರಾನ್ಸಿನ ಸುಜಾನ್ ಲೆಂಗ್ಲೆನ್, ೧೯೫೦ರ ಸುಮಾರಿಗೆ ಪಾಲಿನ್ ಬೆಟ್ಸ್ ಮತ್ತು ಗಸ್ಸೀ ಮೊರಾನ್ ಕೈಗೊಂಡ ಪ್ರವಾಸಗಳು ಒಂದೊಂದು ಋತುವಿನ ಸಾಹಸಗಳಾಗಿಯೇ ಮುಗಿದಿದ್ದವು.

೧೯೫೮ರ ಅಮೆರಿಕನ್ ಪ್ರಶಸ್ತಿಯ ನಂತರ, ಜಗತ್ತಿನ ಮೊದಲ ಶ್ರೇಯಾಂಕದಲ್ಲಿರುವಾಗಲೇ, ಗಿಬ್ಸನ್ ಹವ್ಯಾಸಿ ಟೆನಿಸ್‌ನಿಂದ ನಿವೃತ್ತರಾದರು. ಆಗ ಅವರಿಗೆ ೩೧ ವರ್ಷ. ಪ್ರಶಸ್ತಿಗಳಿಂದ ಬಾಡಿಗೆ ಕಟ್ಟಲಾಗದು ಎಂಬುದನ್ನು ಅವರು ಮರೆಮಾಚದೆ ಹೇಳಿಕೊಂಡರು. ಅದೇ ವರ್ಷ ಅವರ ಆತ್ಮಕಥೆ ಪ್ರಕಟವಾಯಿತು. ಹಾಡುಗಾರಿಕೆಯನ್ನೂ ಪ್ರಯತ್ನಿಸಿ, ೧೯೫೯ರಲ್ಲಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಅದು ಹೆಚ್ಚು ಮಾರಾಟವಾಗಲಿಲ್ಲ. ಜಾನ್ ಫೋರ್ಡ್ ನಿರ್ದೇಶನದ ದಿ ಹಾರ್ಸ್ ಸೋಲ್ಜರ್ಸ್ ಚಲನಚಿತ್ರದಲ್ಲಿ ಅಂತರ್ಯುದ್ಧ ಕಾಲದ ಗುಲಾಮ ಸ್ತ್ರೀಯೊಬ್ಬಳ ಪಾತ್ರ ವಹಿಸಿದರು. ಕಪ್ಪು ಜನರನ್ನು ಅಣಕಿಸುವಂತಿದ್ದ ಆಡುನುಡಿಯಲ್ಲಿ ಮಾತನಾಡಲು ಅವರು ಒಪ್ಪದಿದ್ದಾಗ ಸಂಭಾಷಣೆಯನ್ನು ತಿದ್ದಲಾಯಿತು. ಬ್ರೆಡ್ ತಯಾರಿಸುವ ವಾರ್ಡ್ ಬೇಕಿಂಗ್ ಕಂಪನಿಯ ಪ್ರಚಾರ ಪ್ರತಿನಿಧಿಯಾಗಿಯೂ ದುಡಿದರು.

ವೃತ್ತಿಪರ ಟೆನಿಸ್

೧೯೫೯ರಲ್ಲಿ ಅವರು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದೊಡನೆ ಒಪ್ಪಂದ ಮಾಡಿಕೊಂಡು ವೃತ್ತಿಪರರಾದರು. ತಂಡದ ಆಟಕ್ಕೆ ಮೊದಲು, ಬ್ಯಾಸ್ಕೆಟ್‌ಬಾಲ್ ಅಂಕಣದ ಮೇಲೆಯೇ ನೆಟ್ಟು ಕಟ್ಟಿ ಟೆನಿಸ್ ಪ್ರದರ್ಶನ ನೀಡುವುದು ಅವರ ಕೆಲಸ. ಎದುರಾಳಿ ಏಷ್ಯಾ ಪ್ರವಾಸದ ಗೆಳತಿ ಕರೋಲ್ ಫೇಗರೋಸ್. ಪ್ರತಿ ರಾತ್ರಿ ಒಂದು ಊರು, ನುಣುಪಾದ ಮರದ ನೆಲ, ಟೆನಿಸ್ ನೋಡಲೆಂದು ಬಾರದ ಪ್ರೇಕ್ಷಕರು. ಆದರೂ ಅವರ ಜೀವನದಲ್ಲಿ ಆಟದಿಂದ ನಿಜವಾದ ಆದಾಯ ಬಂದದ್ದು ಈ ಒಂದು ಋತುವಿನಲ್ಲಿ ಮಾತ್ರ. ಸುಮಾರು ಒಂದು ಲಕ್ಷ ಡಾಲರ್ ಎಂದು ವರದಿಯಾಗಿದೆ. ೧೯೬೦ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಪಾಲಿನ್ ಬೆಟ್ಸ್ ಅವರನ್ನು ಸೋಲಿಸಿ ವೃತ್ತಿಪರ ಮಹಿಳಾ ಪ್ರಶಸ್ತಿಯನ್ನೂ ಪಡೆದರು. ಈ ಪ್ರಶಸ್ತಿಯ ಹೆಸರು ದೊಡ್ಡದು. ಆದರೆ ಅದಕ್ಕಾಗಿ ಸೆಣಸುವ ವೃತ್ತಿಪರ ಮಹಿಳೆಯರೇ ಬೆರಳೆಣಿಕೆಯಷ್ಟು.

ಜನ ತಮ್ಮನ್ನು ನೋಡಲೆಂದೇ ಬರುತ್ತಿದ್ದಾರೆಂದು ಭಾವಿಸಿ, ಗಳಿಸಿದ ಹಣವನ್ನು ಹಾಕಿ ಮುಂದಿನ ವರ್ಷ ಗಿಬ್ಸನ್ ತಮ್ಮದೇ ಪ್ರದರ್ಶನ ಪ್ರವಾಸವನ್ನು ಏರ್ಪಡಿಸಿದರು. ಬ್ಯಾಸ್ಕೆಟ್‌ಬಾಲ್ ಇಲ್ಲದ ಟೆನಿಸ್‌ಗೆ ಜನ ಬರಲಿಲ್ಲ. ಕೂಡಿಟ್ಟ ಹಣ ಕರಗಿತು, ಸಾಲ ಉಳಿಯಿತು. ವೃತ್ತಿಪರರಾದ್ದರಿಂದ ವಿಂಬಲ್ಡನ್ ಮತ್ತು ಫಾರೆಸ್ಟ್ ಹಿಲ್ಸ್‌ಗೆ ಮರಳುವ ದಾರಿಯೂ ಇರಲಿಲ್ಲ.

ಗಾಲ್ಫ್ ವರ್ಷಗಳು

ಮಹಿಳೆಯರು ಹಣಕ್ಕಾಗಿ ಕ್ರಮಬದ್ಧವಾಗಿ ಆಡಬಹುದಾದ ಆಟ ಆಗ ಅಮೆರಿಕದಲ್ಲಿ ಗಾಲ್ಫ್. ಮಹಿಳಾ ವೃತ್ತಿಪರ ಗಾಲ್ಫ್ ಸಂಘ (ಎಲ್.ಪಿ.ಜಿ.ಎ.) ೧೯೫೦ರಲ್ಲಿ ಸ್ಥಾಪನೆಯಾಗಿತ್ತು. ೧೯೬೪ರಲ್ಲಿ, ೩೭ರ ವಯಸ್ಸಿನಲ್ಲಿ, ಗಿಬ್ಸನ್ ಈ ಪ್ರವಾಸಕ್ಕೆ ಸೇರಿದ ಮೊದಲ ಕಪ್ಪು ಮಹಿಳೆಯಾದರು. ಬಾಲ್ಯದಿಂದ ಗಾಲ್ಫ್ ಆಡಿ ಬಂದವರ ನಡುವೆ ಅವರದು ತಡವಾದ ಆರಂಭ. ಚೆಂಡನ್ನು ಬಹುದೂರ ಹೊಡೆಯುತ್ತಿದ್ದರು. ಕುಳಿಯ ಸಮೀಪದ ನಾಜೂಕಿನ ಆಟದಲ್ಲಿ ಹಿಂದೆ ಬೀಳುತ್ತಿದ್ದರು.

೧೯೫೦ರ ಟೆನಿಸ್‌ನಲ್ಲಿ ಕಂಡದ್ದನ್ನೆಲ್ಲ ಇಲ್ಲಿ ಮತ್ತೆ ಕಾಣಬೇಕಾಯಿತು. ಕೆಲವು ಕ್ಲಬ್ಬುಗಳು ಅವರನ್ನು ಮೈದಾನಕ್ಕೆ ಬಿಟ್ಟರೂ ಕಟ್ಟಡದೊಳಕ್ಕೆ ಬಿಡಲಿಲ್ಲ. ಕಾರಿನಲ್ಲಿಯೇ ಬಟ್ಟೆ, ಷೂ ಬದಲಿಸಿಕೊಂಡದ್ದುಂಟು. ದಕ್ಷಿಣದ ಊರುಗಳಲ್ಲಿ ಹೋಟೆಲುಗಳು ಕೊಠಡಿ ನಿರಾಕರಿಸಿದವು. ಪ್ರವಾಸದ ನಿರ್ದೇಶಕ ಲೆನ್ನಿ ವಿರ್ಟ್ಜ್, ಆಡಿದರೆ ಎಲ್ಲರೂ ಆಡಬೇಕು, ಇಲ್ಲವಾದರೆ ಯಾರೂ ಆಡುವುದಿಲ್ಲ ಎಂಬ ನಿಲುವು ತಳೆದರು. ಸಹ ಆಟಗಾರ್ತಿಯರಲ್ಲಿ ಕೆಲವರು ತಮ್ಮ ಕೊಠಡಿಗಳನ್ನು ಹಂಚಿಕೊಂಡರು. ೧೯೬೭ರಲ್ಲಿ ರೆನೀ ಪೊವೆಲ್ ಬರುವವರೆಗೆ ಪ್ರವಾಸದಲ್ಲಿದ್ದ ಕಪ್ಪು ಆಟಗಾರ್ತಿ ಇವರೊಬ್ಬರೇ.

ಕೆಲವು ಪಂದ್ಯಾವಳಿಗಳ ಬಿಡಿ ಸುತ್ತುಗಳಲ್ಲಿ ಆ ಮೈದಾನದ ದಾಖಲೆಗಳನ್ನು ಅವರು ಮುರಿದದ್ದುಂಟು. ಆದರೆ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಅವರ ಅತ್ಯುತ್ತಮ ವಾರ್ಷಿಕ ಸ್ಥಾನ ೧೯೬೬ರ ೨೭ನೆಯದು. ಅತ್ಯುತ್ತಮ ಫಲಿತಾಂಶ ಬಂದದ್ದು ೧೯೭೦ರ ಲೆನ್ ಇಮ್ಕಿ ಬ್ಯೂಕ್ ಓಪನ್‌ನಲ್ಲಿ: ಮೂವರ ನಡುವಿನ ಹೆಚ್ಚುವರಿ ಆಟದಲ್ಲಿ ಸೋತು ಜಂಟಿ ಎರಡನೆಯ ಸ್ಥಾನ. ಆಗ ಅವರಿಗೆ ನಲವತ್ತು ದಾಟಿತ್ತು. ಹದಿನೈದು ವರ್ಷಗಳ ಸುಮಾರಿನ ಗಾಲ್ಫ್ ಜೀವನದಲ್ಲಿ ಅವರು ಆಡಿದ ಪಂದ್ಯಾವಳಿಗಳು ೧೭೧. ಬಹುಮಾನದ ಒಟ್ಟು ಮೊತ್ತ ೨೫,೦೦೦ ಡಾಲರನ್ನು ದಾಟಲಿಲ್ಲ. ಪ್ರಯಾಣದ ಖರ್ಚು ಕಳೆದರೆ ಇದರಲ್ಲಿ ಉಳಿಯುವಂಥದ್ದು ಏನೂ ಇಲ್ಲ. ೧೯೬೫ರಲ್ಲಿ ಮದುವೆಯಾದ ಪತಿ ವಿಲಿಯಂ ಡಾರ್ಬೆನ್ ಅವರ ಬೆಂಬಲ ಈ ವರ್ಷಗಳಲ್ಲಿ ಜೊತೆಗಿತ್ತು. ೧೯೭೬ರಲ್ಲಿ ಆ ದಾಂಪತ್ಯ ಮುರಿಯಿತು. ೧೯೭೮ರಲ್ಲಿ ಗಾಲ್ಫ್‌ನಿಂದ ನಿವೃತ್ತರಾದರು.

ಅವರು ಗಾಲ್ಫ್ ಮೈದಾನಗಳಲ್ಲಿ ಅಲೆಯುತ್ತಿದ್ದಾಗಲೇ ಟೆನಿಸ್ ಬದಲಾಯಿತು. ೧೯೬೮ರಲ್ಲಿ ಪಂದ್ಯಾವಳಿಗಳು ಹವ್ಯಾಸಿ, ವೃತ್ತಿಪರ ಎಂಬ ಭೇದವಿಲ್ಲದೆ ಎಲ್ಲರಿಗೂ ತೆರೆದವು. ಆ ವರ್ಷ ವಿಂಬಲ್ಡನ್ ಗೆದ್ದ ಬಿಲ್ಲೀ ಜೀನ್ ಕಿಂಗ್ ೭೫೦ ಪೌಂಡ್, ಮೊದಲ ಯು.ಎಸ್. ಓಪನ್ ಗೆದ್ದ ವರ್ಜೀನಿಯಾ ವೇಡ್ ೬,೦೦೦ ಡಾಲರ್ ಬಹುಮಾನ ಪಡೆದರು. ೧೯೭೩ರ ಹೊತ್ತಿಗೆ ಯು.ಎಸ್. ಓಪನ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ಬಂದಿತು. ಗಿಬ್ಸನ್ ಮತ್ತೆ ರ‍್ಯಾಕೆಟ್ ಹಿಡಿದು ಕೆಲವು ಪಂದ್ಯಾವಳಿಗಳಲ್ಲಿ ಆಡಿದರು. ನಲವತ್ತು ದಾಟಿದ ಕಾಲುಗಳು ತಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಎದುರು ಓಡಲಾರದಾದವು. ಕೇವಲ ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಎಂಬ ಯೋಚನೆ ಓದುವವರಿಗೆ ಬಾರದಿರದು.

ಕೊನೆಯ ದಿನಗಳು

೧೯೭೬ರಲ್ಲಿ ನ್ಯೂಜೆರ್ಸಿ ರಾಜ್ಯದ ಕ್ರೀಡಾ ಆಯುಕ್ತೆಯಾಗಿ ನೇಮಕಗೊಂಡರು. ಸ್ವಾತಂತ್ರ್ಯವೂ ಅನುದಾನವೂ ಇಲ್ಲದ ಹುದ್ದೆಯೆಂದು ಒಂದೇ ವರ್ಷದಲ್ಲಿ ರಾಜೀನಾಮೆ ನೀಡಿದರು. ೧೯೭೭ರಲ್ಲಿ ರಾಜ್ಯ ಸೆನೆಟ್‌ನ ಅಭ್ಯರ್ಥಿಯಾಗಲು ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಸ್ಪರ್ಧಿಸಿ ಎರಡನೆಯವರಾದರು. ಬಳಿಕ ಈಸ್ಟ್ ಆರೆಂಜ್ ನಗರದ ಮನರಂಜನಾ ವಿಭಾಗದಲ್ಲಿ ಕೆಲಸ ಮಾಡುತ್ತಾ ಮಕ್ಕಳಿಗೆ ಆಟ ಕಲಿಸಿದರು. ೧೯೮೩ರಲ್ಲಿ ತಮ್ಮ ಹಳೆಯ ತರಬೇತುದಾರ ಲೆವೆಲಿನ್ ಅವರನ್ನು ವಿವಾಹವಾದರು. ಐದು ವರ್ಷಗಳಲ್ಲಿ ಅದೂ ವಿಚ್ಛೇದನದಲ್ಲಿ ಮುಗಿಯಿತು. ಮಕ್ಕಳಿರಲಿಲ್ಲ.

೧೯೮೦ರ ದಶಕದ ಕೊನೆಗೆ ಎರಡು ಬಾರಿ ಮೆದುಳಿನ ರಕ್ತಸ್ರಾವವಾಯಿತು. ೧೯೯೨ರಲ್ಲಿ ಪಾರ್ಶ್ವವಾಯು ಬಡಿಯಿತು. ಚಿಕಿತ್ಸೆಯ ವೆಚ್ಚ ಇದ್ದದ್ದನ್ನೆಲ್ಲ ನುಂಗಿತು. ಮನೆಬಾಡಿಗೆಗೂ ಔಷಧಕ್ಕೂ ಹಣವಿಲ್ಲದ ಸ್ಥಿತಿಯಲ್ಲಿ, ಯಾರನ್ನೂ ಕಾಣದೆ ಮನೆಯೊಳಗೇ ಉಳಿದರು. ನೆರವಿಗಾಗಿ ಕೆಲವು ಟೆನಿಸ್ ಸಂಸ್ಥೆಗಳನ್ನು ಕೇಳಿದರೂ ಉತ್ತರ ಬರಲಿಲ್ಲ. ೧೯೯೦ರ ದಶಕದ ಮಧ್ಯದಲ್ಲಿ ಒಂದು ದಿನ ಅವರು ಏಂಜೆಲಾ ಬಕ್ಸ್‌ಟನ್‌ಗೆ ದೂರವಾಣಿ ಕರೆ ಮಾಡಿ, ಬದುಕು ಸಾಕಾಗಿದೆ ಎಂದು ವಿದಾಯ ಹೇಳಿದರು. ಬಕ್ಸ್‌ಟನ್ ಕೂಡಲೇ ಬಾಡಿಗೆ ಮತ್ತು ಔಷಧದ ಹಣ ಕಳುಹಿಸಿದರು. ಅನಂತರ ಗೆಳತಿಯ ಸ್ಥಿತಿಯನ್ನು ವಿವರಿಸುವ ಪತ್ರವೊಂದು ಟೆನಿಸ್ ವೀಕ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಹಲವು ದೇಶಗಳ ಟೆನಿಸ್ ಪ್ರೇಮಿಗಳಿಂದ ಹಣ ಹರಿದುಬಂದು, ಒಟ್ಟು ಮೊತ್ತ ಹತ್ತು ಲಕ್ಷ ಡಾಲರನ್ನು ಸಮೀಪಿಸಿತು. ಅಂಕಣದಲ್ಲಿ ಆಡಿ ಗಳಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚಿನ ಹಣ ಹೀಗೆ ಅಂಚೆಯ ಲಕೋಟೆಗಳಲ್ಲಿ ಬಂದಿತು.

೨೦೦೩ರ ಸೆಪ್ಟೆಂಬರ್ ೨೮ರಂದು ಈಸ್ಟ್ ಆರೆಂಜ್‌ನಲ್ಲಿ, ೭೬ನೆಯ ವಯಸ್ಸಿನಲ್ಲಿ, ಗಿಬ್ಸನ್ ನಿಧನರಾದರು. ಅವರನ್ನು ಆರೆಂಜ್ ಪಟ್ಟಣದ ರೋಸ್‌ಡೇಲ್ ಸ್ಮಶಾನದಲ್ಲಿ ಸಮಾಧಿ ಮಾಡಲಾಗಿದೆ.

ಗೌರವಗಳು

೧೯೭೧ರಲ್ಲಿ ಅವರ ಹೆಸರು ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್‌ಗೆ ಸೇರಿತು. ಅವರ ೧೯೫೮ರ ಗೆಲುವಿನ ನಂತರ ವಿಂಬಲ್ಡನ್ ಮಹಿಳಾ ಸಿಂಗಲ್ಸ್ ಗೆದ್ದ ಮುಂದಿನ ಕಪ್ಪು ಆಟಗಾರ್ತಿ ವೀನಸ್ ವಿಲಿಯಮ್ಸ್. ಅದು ೨೦೦೦ದಲ್ಲಿ, ೪೨ ವರ್ಷಗಳ ಬಳಿಕ. ಅದರ ಹಿಂದಿನ ವರ್ಷ ಸೆರೀನಾ ವಿಲಿಯಮ್ಸ್ ಯು.ಎಸ್. ಓಪನ್ ಗೆದ್ದಿದ್ದರು. ಈ ಎರಡೂ ಗೆಲುವುಗಳ ಕಾಲಕ್ಕೆ ಗಿಬ್ಸನ್ ಜೀವಂತವಾಗಿದ್ದರು. ೨೦೧೩ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನೂ, ೨೦೨೫ರಲ್ಲಿ ಟಂಕಸಾಲೆಯು ಅವರ ಚಿತ್ರವಿರುವ ಕಾಲು ಡಾಲರ್ ನಾಣ್ಯವನ್ನೂ ಹೊರಡಿಸಿದವು. ೨೦೧೯ರಲ್ಲಿ ಯು.ಎಸ್. ಓಪನ್ ನಡೆಯುವ ನ್ಯೂಯಾರ್ಕಿನ ಬಿಲ್ಲೀ ಜೀನ್ ಕಿಂಗ್ ರಾಷ್ಟ್ರೀಯ ಟೆನಿಸ್ ಕೇಂದ್ರದಲ್ಲಿ, ಶಿಲ್ಪಿ ಎರಿಕ್ ಗೌಲ್ಡರ್ ರಚಿಸಿದ ಅವರ ಪ್ರತಿಮೆ ಅನಾವರಣಗೊಂಡಿತು. ೧೩ ವರ್ಷದ ಬಾಲಕಿಯಾಗಿದ್ದಾಗ ಲಾಸ್ ಏಂಜಲೀಸ್‌ನಲ್ಲಿ ಗಿಬ್ಸನ್ ಆಡುವುದನ್ನು ಕಂಡಿದ್ದ ಕಿಂಗ್, ಈ ಪ್ರತಿಮೆಗಾಗಿ ಒತ್ತಾಯಿಸಿದವರಲ್ಲಿ ಒಬ್ಬರು. ೨೦೨೨ರಲ್ಲಿ ಹಾರ್ಲೆಮ್‌ನ ೧೪೩ನೇ ಬೀದಿಯಲ್ಲಿ, ಅವರು ಮರದ ಬ್ಯಾಟು ಹಿಡಿದು ಆಡಿದ ಭಾಗಕ್ಕೆ ಆಲ್ಥಿಯಾ ಗಿಬ್ಸನ್ ಮಾರ್ಗ ಎಂದು ಹೆಸರಿಡಲಾಯಿತು.